ಬಾಗಿಲಿಗೊಂದು ನೋವು

ಬಸ್ಸು ಹುಣಸೂರಿನ ಸ್ಟ್ಯಾಂಡು ಬಿಡುವ ಹೊತ್ತಿಗೇ ಮುಸವೀರನಿಗೆ ಸಿಟ್ಟು ಬಂದಾಗಿತ್ತು. ಯಾರ ಮೇಲೆ ಎಂದು ಕೇಳಿದ್ದರೆ ಅವನಿಗೇ ಹೇಳಲು ಬರುತ್ತಿರಲಿಲ್ಲ. ಪಕ್ಕದ ಸೀಟಿನವನು ಮೊಬೈಲಿನಲ್ಲಿ ಜೋರಾಗಿ ರೀಲ್ಸು ಹಾಕಿಕೊಂಡಿದ್ದ, ಅವನ ಮೇಲಿರಬಹುದು. ಕಂಡಕ್ಟರು ಚಿಲ್ಲರೆ ಕೊಡದೆ ಟಿಕೆಟಿನ ಹಿಂದೆ ಗೀಚಿಕೊಟ್ಟಿದ್ದ, ಅವನ ಮೇಲಿರಬಹುದು. ನಿಜ ಹೇಳಬೇಕೆಂದರೆ ಸಿಟ್ಟಿದ್ದದ್ದು ಬೆಳಿಗ್ಗೆ ಬಂದ ಒಂದು ಮೆಸೇಜಿನ ಮೇಲೆ, ಅದನ್ನು ಓದಿ ತನಗೆ ಅಷ್ಟೊಂದು ಸಂತೋಷವಾಯಿತಲ್ಲ, ಆ ಸಂತೋಷದ ಮೇಲೆ. ‘ಮುಸವೀರ್, ಬಾಗಿಲಿನ ಐಡಿಯಾ ನಮಗೆ ತುಂಬ ಇಷ್ಟವಾಯಿತು. ಸಂಜೆಯೊಳಗೆ ಬರೆದು ಕಳಿಸಿದರೆ ಭಾನುವಾರಕ್ಕೆ ತೆಗೆದುಕೊಳ್ಳುತ್ತೇವೆ. ಚೆನ್ನಾಗಿ ಬಂದರೆ ಪ್ರತಿ ತಿಂಗಳೂ ನಿಮ್ಮಿಂದ ಬರೆಸೋಣ.’ ಹೀಗೆ ಬರೆದವರು ಬೆಂಗಳೂರಿನ ಒಂದು ಜಾಲಪತ್ರಿಕೆಯ ಸಂಪಾದಕಿ ಸಂಘಮಿತ್ರ. ಸಂಬಳವಿಲ್ಲ, ಕೂರಲು ಕುರ್ಚಿಯಿಲ್ಲ, ಬರೆದಷ್ಟಕ್ಕೆ ದುಡ್ಡು. ಅಷ್ಟಾದರೂ ಸಿಕ್ಕಲಿ ಎಂದು ಎರಡು ವರ್ಷದಿಂದ ಅವನು ಕಂಡಕಂಡ ಪತ್ರಿಕೆಗಳಿಗೆಲ್ಲ ಇಂಥದ್ದು ಬರೆಯಲೇ, ಅಂಥದ್ದು ಬರೆಯಲೇ ಎಂದು ಕೇಳಿ ಕಳಿಸಿ ಸೋತುಹೋಗಿದ್ದ.

ಕಳಿಸಿದ್ದು ಒಂದೇ ಎರಡೇ. ಪಿರಿಯಾಪಟ್ಟಣದ ಕಡೆ ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಮನೆಗಳ ಮುಂದೆ ನಿದ್ದೆಗೆಟ್ಟು ಬೆಂಕಿ ಕಾಯುವವರ ಬಗ್ಗೆ ಬರೆಯುತ್ತೇನೆ ಎಂದು ಒಂದು ಪತ್ರಿಕೆಗೆ ಕಳಿಸಿದರೆ, ‘ನಿಮ್ಮ ಕನ್ನಡ ಎಷ್ಟು ಸೊಗಸಾಗಿದೆ! ರಂಜಾನಿನ ತಿಂಡಿಗಳ ಬಗ್ಗೆ ಬರೆದುಕೊಡುತ್ತೀರಾ?’ ಎಂದು ಉತ್ತರ ಬಂತು. ಹುಣಸೂರಿನ ಸರ್ಕಾರಿ ಶಾಲೆಯಲ್ಲಿ ಬಳಪ ಹಿಡಿದು ಅಕ್ಷರ ತಿದ್ದಿದವನು, ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿ ಹಳಗನ್ನಡದ ಪೇಪರಿನಲ್ಲಿ ಕ್ಲಾಸಿಗೇ ಮುಂದಿದ್ದವನು, ಅವನ ಕನ್ನಡ ಸೊಗಸಾಗಿರದೆ ಇನ್ನೇನಾಗಿರಬೇಕಿತ್ತು? ಆದರೂ ‘ಧನ್ಯವಾದಗಳು ಸರ್’ ಎಂದು ಬರೆದು ಕೈಮುಗಿದ ಎಮೋಜಿಯನ್ನೂ ಅಂಟಿಸಿ ಕಳಿಸಿದ. ಆ ಎಮೋಜಿ ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ. ಹಾಳಾಗಲಿ ಎಂದು ತಿಂಡಿಯ ಬಗ್ಗೆಯೂ ಬರೆದ. ದುಡ್ಡು ಕೇಳಿದರೆ, ನಿಮ್ಮ ಹೆಸರು ನಾಲ್ಕು ಜನಕ್ಕೆ ಗೊತ್ತಾಯ್ತಲ್ಲ ಅಂದರು. ಹೆಸರು ಗೊತ್ತಾದ ಆ ನಾಲ್ಕು ಜನ ಕೆಳಗಿನ ಕಾಮೆಂಟಿನಲ್ಲಿ ಏನು ಬರೆದಿದ್ದರು ಎಂಬುದನ್ನು ಅವನು ಮನೆಯಲ್ಲಿ ಯಾರಿಗೂ ತೋರಿಸಲಿಲ್ಲ. ಇನ್ನೊಂದು ಕಂಪನಿ ಸ್ಯಾಂಪಲ್ ಕೇಳಿತು, ಕೊಟ್ಟ. ಮತ್ತೂ ಒಂದು ಕೇಳಿತು, ಕೊಟ್ಟ. ಆಮೇಲೆ ಆ ಸ್ಯಾಂಪಲ್ಲುಗಳೇ ಯಾರ ಹೆಸರೂ ಇಲ್ಲದೆ ಅವರ ವೆಬ್‌ಸೈಟಿನಲ್ಲಿ ಕಾಣಿಸಿಕೊಂಡವು. ಮತ್ತೊಬ್ಬ ಪುಣ್ಯಾತ್ಮ, ಬರೆಯೋದನ್ನೆಲ್ಲ ಈಗ ಮೆಷೀನೇ ಬರೆಯುತ್ತೆ, ನೀವು ತಪ್ಪು ತಿದ್ದಿಕೊಡಿ ಸಾಕು ಎಂದ. ಇನ್ನು ಊರಿನಲ್ಲೋ, ಯಾರಾದರೂ ಸತ್ತರೆ, ಯಾವನಾದರೂ ಪುಢಾರಿಗೆ ಹುಟ್ಟುಹಬ್ಬ ಬಂದರೆ, ಫ್ಲೆಕ್ಸ್ ಅಂಗಡಿಯ ಕಂಠಪ್ಪ ಬೀದಿಯಿಂದಲೇ ಕೂಗುತ್ತಿದ್ದ, ಬಾರಪ್ಪ ಎಂ.ಎ., ಎರಡು ಲೈನು ಹೊಡೆದುಕೊಡು ಅಂತ. ಹೊಡೆದುಕೊಟ್ಟರೆ ಒಂದು ಟೀ. ಹುಣಸೂರಿನಲ್ಲಿ ಹೆಚ್ಚು ಜನ ಓದಿರುವ ಲೇಖಕ ತಾನೇ ಇರಬೇಕು ಎಂದು ಒಂದೊಂದು ಸಲ ಅವನಿಗೆ ನಗು ಬರುವುದು. ನಕ್ಕು ಮುಗಿಯುವುದರೊಳಗೆ ಹೊಟ್ಟೆ ಉರಿಯುವುದು.

ಬಾಗಿಲಿನ ಐಡಿಯಾ ಹುಟ್ಟಿದ್ದೂ ಅಂಥದೇ ಒಂದು ಹೊಟ್ಟೆಯುರಿಯ ಬೆಳಿಗ್ಗೆ, ಅಪ್ಪನ ಅಂಗಡಿಯಲ್ಲಿ. ಅಪ್ಪ ಜಾನ್ ಪಾಷಾನದು ಹಳೇ ಮರದ ವ್ಯಾಪಾರ. ಹಳ್ಳಿಗಳಲ್ಲಿ ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವವರ ಹತ್ತಿರ ಬಾಗಿಲು, ಕಂಬ, ತೊಲೆ ಕೊಂಡುತಂದು, ಉಜ್ಜಿ, ಪಾಲಿಶ್ ಹೊಡೆದು, ಬೀಚನಹಳ್ಳಿಯ ಕಡೆಯ ರೆಸಾರ್ಟುಗಳಿಗೆ ಮಾರುವುದು. ಅದಕ್ಕೆ ಅವನದೇ ಕಟ್ಟಳೆಗಳು. ಮಂಗಳವಾರ, ಶುಕ್ರವಾರ ಯಾರ ಮನೆಯ ಬಾಗಿಲನ್ನೂ ಕೀಳುವ ಹಾಗಿಲ್ಲ. ಮನೆಯ ಹೆಂಗಸು ಹೊಸ್ತಿಲಿಗೆ ನೀರು ಹಾಕಿ, ಅರಿಶಿನ ಕುಂಕುಮ ಇಟ್ಟು, ‘ಹೂಂ, ಎತ್ತಿ’ ಅನ್ನುವ ತನಕ ಬೀದಿಯಲ್ಲೇ ನಿಂತಿರಬೇಕು. ಹೊಸ್ತಿಲ ಮರ ಎಷ್ಟೇ ಒಳ್ಳೇ ಹೊನ್ನೆಯದಾದರೂ ಅದನ್ನು ಆ ಮನೆಗೇ ಬಿಟ್ಟು ಬರಬೇಕು. ಸ್ಕೂಲಿಗೆ ರಜೆ ಬಂದಾಗ ಅಪ್ಪನ ಟೆಂಪೊದಲ್ಲಿ ಹೋಗಿ, ಹಾಗೆ ಊರ ಬೀದಿಗಳಲ್ಲಿ ನಿಲ್ಲುವಾಗ ಮುಸವೀರನಿಗೆ ನಾಚಿಕೆಯಾಗುತ್ತಿತ್ತು. ನಾಚಿಕೆ ಯಾತರದು ಅಂತ ಆಗ ತಿಳಿಯಲಿಲ್ಲ. ದುಡ್ಡು ಕೊಟ್ಟು ಕೊಂಡ ಮೇಲೂ ಯಾಕೆ ಕೈಕಟ್ಟಿ ನಿಲ್ಲಬೇಕು ಅಂತ ಇರಬೇಕು. ಈಗ ಅದೇ ಅಪ್ಪನಿಗೆ ಅವನು ಮಾತು ಕೊಟ್ಟುಬಿಟ್ಟಿದ್ದ, ಬಕ್ರೀದಿನೊಳಗೆ ಬರವಣಿಗೆಯಿಂದ ಒಂದು ದಾರಿ ಆಗದಿದ್ದರೆ ಬಂದು ಅಂಗಡಿಯಲ್ಲಿ ಕೂರುತ್ತೇನೆ, ಆಮೇಲೆ ಬರೆಯುವ ಸುದ್ದಿ ಎತ್ತುವುದಿಲ್ಲ ಎಂದು. ಅಪ್ಪ ಬೈದಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ನೋಡು ಬಾಬಾ, ನಿನ್ನ ಮನಸ್ಸು’ ಅಂದು ಉಳಿ ಮಸೆಯುತ್ತ ಕೂತಿದ್ದ. ಅದಕ್ಕೇ ಈ ಬಾಗಿಲು. ಹನಗೋಡಿನ ಮಲ್ಲಾಜಮ್ಮ ಎಂಬ ಮುದುಕಿಯ ಮನೆಯ ತಲೆಬಾಗಿಲು ಈಗ ಒಂದು ರೆಸಾರ್ಟಿನ ಗೋಡೆಗೆ ಅಲಂಕಾರಕ್ಕೆ ನೇತುಬಿದ್ದಿದೆ, ತೆಗೆದರೆ ಆ ಕಡೆ ಬರೀ ಸಿಮೆಂಟು. ಮನೆಯಿಂದ ಗೋಡೆಗೆ ಹೋದ ಆ ಬಾಗಿಲಿನ ಕಥೆ ಬರೆಯುತ್ತೇನೆ ಎಂದು ಸಂಘಮಿತ್ರರಿಗೆ ಕಳಿಸಿದ್ದ. ಆ ಬಾಗಿಲನ್ನು ಕಿತ್ತು ತಂದವನು ತನ್ನಪ್ಪ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದ.

ಹನಗೋಡಿನಲ್ಲಿ ಮಲ್ಲಾಜಮ್ಮನ ಮಗ ಮಾದೇಶ ಬಸ್‌ಸ್ಟಾಪಿಗೇ ಬೈಕು ತಂದಿದ್ದ. ಬನ್ನಿ ಭಾಯ್, ಕಿಟಕಿ ಎರಡು ಮಡಗಿವ್ನಿ, ನೋಡಿ ರೇಟ್ ಹೇಳಿ, ಎಂದು ದಾರಿಯುದ್ದಕ್ಕೂ ಕಿಟಕಿಯದೇ ಮಾತು. ತಾನು ಬಂದದ್ದು ಕಿಟಕಿಗಲ್ಲ, ಅವ್ವನ ಹತ್ತಿರ ಮಾತಾಡಿ ಒಂದು ಲೇಖನ ಬರೆಯಲು ಎಂದು ಮುಸವೀರ ಫೋನಿನಲ್ಲೇ ಹೇಳಿದ್ದ. ಈಗ ಮತ್ತೊಮ್ಮೆ ಹೇಳಿದ. ಮಾದೇಶ, ಆಯ್ತು ಬುಡಿ, ಅದೂ ಬರ್ಕಳಿ, ಕಿಟಕೀನೂ ನೋಡಿ ಅಂದ. ಹೊಸ ಮನೆಗೆ ಮಾವಿನೆಲೆ ಹಸಿರಿನ ಬಣ್ಣ. ಮಲ್ಲಾಜಮ್ಮ ಜಗುಲಿಯ ಮೇಲೆ ಅವರೆಕಾಯಿ ಸುಲಿಯುತ್ತ ಕೂತಿದ್ದವಳು ತಲೆಯೆತ್ತಿ, ಯಾರು, ಸಾಬ್ರ ಮಗನಾ, ನಿಮ್ಮಪ್ಪ ಚೆಂದಾಗವ್ನಾ ಎಂದು ಕೇಳಿದಳು. ಮುಸವೀರ ಅವಳ ಪಕ್ಕ ಕೂತು, ದನಿಯನ್ನು ಎಷ್ಟು ಬೇಕೋ ಅಷ್ಟು ಇಳಿಸಿ, ಹಳೇ ಬಾಗಿಲು ಹೋದಾಗ ಹೇಗನಿಸಿತವ್ವ ಎಂದ. ಕೇಳುವಾಗಲೇ ಆ ದನಿ ಅವನಿಗೇ ಹಿಡಿಸಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಮಂಚದ ಪಕ್ಕ ಕೂತವರ ದನಿ ಅದು.

‘ಪೀಡೆ ತೊಲಗ್ತು ಅನ್ನಿಸ್ತು ಕಣಪ್ಪ,’ ಅಂದಳು ಮಲ್ಲಾಜಮ್ಮ.

ಅಷ್ಟಕ್ಕೆ ಬಿಡಲಿಲ್ಲ. ಎದ್ದು ಸೀರೆ ಕೊಡವಿ, ಬಾ ಇಲ್ಲಿ ಎಂದು ಹೊಸ ಕಬ್ಬಿಣದ ಬಾಗಿಲ ಮುಂದೆ ಅವನನ್ನು ನಿಲ್ಲಿಸಿಕೊಂಡಳು. ಕೆ.ಆರ್. ನಗರದಲ್ಲಿ ಮಾಡಿಸಿದ್ದು, ಮೇಲೆ ಎರಡು ನವಿಲು, ನಡುವೆ ಸೂರ್ಯ. ಒಂದೇ ಬೆರಳಿನಲ್ಲಿ ತೆಗೆದು ತೋರಿಸಿದಳು, ಹಾಕಿ ತೋರಿಸಿದಳು, ಮತ್ತೆ ತೆಗೆದಳು. ಹಳೇದು ಎಷ್ಟು ತಗ್ಗು ಅಂದರೆ ಮದುವೆಯಾಗಿ ಬಂದ ದಿನವೇ ಹಣೆ ತಗುಲಿ ಊದಿತ್ತಂತೆ. ಮಳೆಗಾಲ ಬಂದರೆ ಉಬ್ಬಿಕೊಂಡು ಹಾಕಕ್ಕೂ ಆಗದು, ತೆಗೆಯಕ್ಕೂ ಆಗದು. ಕೆಳಗೆ ಇಲಿ ಕಡಿದು ಬಿಲ ಮಾಡಿ, ಒಂದು ಸಲ ಅಲ್ಲಿಂದ ಹಾವು ಬಂದಿತ್ತು. ‘ಇದನ್ನ ನೋಡು, ಬೀಗ ಒಳಗೇ ಅದೆ. ಗೆದ್ಲು ತಿನ್ನಾಕಿಲ್ಲ,’ ಅಂದು ನವಿಲಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದಳು. ಗಂಡನ ನೆನಪು ಇದ್ದೀತು ಆ ಬಾಗಿಲಿನಲ್ಲಿ, ಎಂದು ಮುಸವೀರ ಇನ್ನೊಂದು ಕಡೆಯಿಂದ ಕೆದಕಿದ. ಗಂಡ ಮಂಟಯ್ಯ ಹೋಗಿ ಬಹಳ ವರ್ಷವಾಗಿತ್ತು. ಮಲ್ಲಾಜಮ್ಮ ಅವನ ಮುಖವನ್ನೇ ನೋಡಿದಳು, ಈ ಹುಡುಗನಿಗೆ ಏನು ಬೇಕಾಗಿದೆ ಎಂದು ತಿಳಿಯದವಳ ಹಾಗೆ. ಪಾಪ, ಏನಾದರೂ ಕೊಟ್ಟು ಕಳಿಸಬೇಕು ಅನ್ನಿಸಿರಬೇಕು. ಬಾಗಿಲಲ್ಲಿ ಅವ್ರದೇನಿದ್ದಾತು ಮಗ, ಅವ್ರು ಇದ್ದುದೆಲ್ಲ ಹೊಲದಲ್ಲಿ, ಅಂದಳು. ಟೀ ಮಾಡಿಸಿ ಕೊಟ್ಟಳು, ಅವರೆಕಾಯಿ ಚೀಲಕ್ಕೆ ತುಂಬಿದಳು. ಫೋಟೊ ತೆಗೆಯುತ್ತೇನೆ ಅಂದಾಗ ನವಿಲಿಗೆ ಒರಗಿ, ಹಲ್ಲಿಲ್ಲದ ಬಾಯಿ ತುಂಬ ನಕ್ಕಳು.

ಆ ನಗುವಿನ ಫೋಟೊವನ್ನು ಅವನು ಬಸ್‌ಸ್ಟಾಪಿನ ಕಲ್ಲಿನ ಮೇಲೆ ಕೂತು ಸಂಘಮಿತ್ರರಿಗೆ ಕಳಿಸಿ ಫೋನು ಮಾಡಿದ. ಒಳಗೊಳಗೇ ಒಂದು ಉತ್ಸಾಹವೂ ಇತ್ತು. ತಾನಂದುಕೊಂಡದ್ದು ಉಲ್ಟಾ ಆಯಿತಲ್ಲ, ಅದನ್ನೇ ಬರೆದರೆ ಎಷ್ಟು ಚೆನ್ನಾಗಿರುತ್ತೆ, ಊರಿನವರ ಬಾಗಿಲನ್ನು ಪೇಟೆಯವರು ಗೋಡೆಗೆ ಹೊಡೆದುಕೊಂಡು ನಿಟ್ಟುಸಿರು ಬಿಡುತ್ತಿದ್ದರೆ ಇಲ್ಲಿ ಮುದುಕಿ ಕಬ್ಬಿಣದ ನವಿಲು ಒರೆಸುತ್ತ ಖುಷಿಯಾಗಿದ್ದಾಳೆ ಅಂತ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ಆ ಕಡೆ ಆಫೀಸಿನ ಗದ್ದಲ. ಹಿಂದೆ ಯಾರೋ ನಗುತ್ತಿದ್ದರು, ಕಾಫಿ ಮೆಷೀನಿನ ಸದ್ದು ಬರುತ್ತಿತ್ತು.

‘ಅವರಿಗೆ ನೋವೇ ಆಗಿಲ್ಲ ಅಂದ್ರೆ ಕಥೆ ಎಲ್ಲಿದೆ ಮುಸವೀರ್?’

ಅದೇ ಕಥೆ ಅಲ್ಲವಾ ಮೇಡಂ, ಎಂದ. ಆಕೆ ಕೆಟ್ಟವರಲ್ಲ. ಮೃದುವಾಗಿಯೇ ವಿವರಿಸಿದರು. ಬಡವರು ಹೀಗೆ ಮೊದಮೊದಲು ನೋವನ್ನು ಮುಚ್ಚಿಡುತ್ತಾರೆ, ಬರೆಯುವವನು ಅದರ ಒಳಗೆ ಇಳಿಯಬೇಕು, ಆ ನಗುವಿನ ಹಿಂದೆ ಏನಿದೆ ನೋಡಿ, ನಿಮಗೆ ಆ ಶಕ್ತಿ ಇದೆ ಎಂದರು. ಬಾಗಿಲು ಕೊಂಡ ಆ ವ್ಯಾಪಾರಿಯ ಬಗ್ಗೆಯೂ ಒಂದು ಪ್ಯಾರಾ ಬರಲಿ, ಹೆಸರು ಬೇಡ, ಹುಣಸೂರಿನ ಯಾರೋ ಒಬ್ಬ ವ್ಯಾಪಾರಿ ಅಂದರೆ ಸಾಕು. ಸಂಜೆಗೆ ಆಗದಿದ್ದರೆ ಪರವಾಗಿಲ್ಲ, ಕೊಡಗಿನಿಂದ ಇನ್ನೊಬ್ಬರ ಲೇಖನ ಕೈಯಲ್ಲಿದೆ, ಅದನ್ನು ಹಾಕುತ್ತೇವೆ ಎಂದು ಸೇರಿಸಿದರು. ಪರವಾಗಿಲ್ಲ ಅಂದರಲ್ಲ, ಅದು ಅವನನ್ನು ಕೊಂದಿತು. ಯಾರಿಗೂ ಪರವಾಗಿಲ್ಲ. ಹಿಂದಿನ ಎರಡು ವರ್ಷ ಅವನು ಬರೆದದ್ದು, ಬರೆಯದೆ ಬಿಟ್ಟದ್ದು, ಯಾವುದರ ಪರವೆಯೂ ಯಾರಿಗೂ ಇರಲಿಲ್ಲ. ಒಬ್ಬ ಇಲ್ಲವೆಂದರೆ ಇನ್ನೊಬ್ಬನ ಲೇಖನ ಕೈಯಲ್ಲಿರುತ್ತದೆ. ನಾಳೆ ಬೆಳಿಗ್ಗೆ ಅಂಗಡಿಯಲ್ಲಿ ಕೂತರೆ ಕಂಠಪ್ಪನೂ ಯಾಕೆಂದು ಒಂದು ಮಾತು ಕೇಳುವುದಿಲ್ಲ, ಎರಡು ಲೈನು ಮಾತ್ರ ಕೇಳುತ್ತಾನೆ. ಹುಣಸೂರಿನ ಬಸ್ಸು ಬಂತು. ಹತ್ತಲಿಲ್ಲ, ಅಲ್ಲೇ ಕೂತ. ನಗುವಿನ ಹಿಂದೆ ಏನಿದೆ? ಹಿಂದೆ ಬಾಯಿತ್ತು, ಬಾಯಲ್ಲಿ ಹಲ್ಲಿರಲಿಲ್ಲ. ಅವನಿಗೆ ಕಂಡಿದ್ದು ಅಷ್ಟು. ಆದರೆ ಬೆರಳು ಮೊಬೈಲಿನ ಮೇಲೆ ಆಗಲೇ ಆಡತೊಡಗಿತ್ತು.

ಮೊದಲ ಸಾಲು ಬರೆದ ಮೇಲೆ ಕಷ್ಟವೇ ಆಗಲಿಲ್ಲ, ನಾಚಿಕೆಗೇಡಿನ ವಿಷಯ ಅದೇ. ಫ್ಲೆಕ್ಸಿಗೆ ಬರೆದೂ ಬರೆದೂ ಕೈ ಪಳಗಿತ್ತು, ಸತ್ತವರ ಬಗ್ಗೆ ಏನು ಬರೆದರೆ ಬೀದಿಯಲ್ಲಿ ಹೋಗುವವನೂ ನಿಲ್ಲುತ್ತಾನೆ ಎಂಬುದು ಅವನಿಗೆ ಗೊತ್ತಿತ್ತು. ಮುದುಕಿ ಕಬ್ಬಿಣದ ಬಾಗಿಲನ್ನು ಮತ್ತೆ ಮತ್ತೆ ತೆಗೆದು ಹಾಕುತ್ತಾಳೆ, ಆ ಕಡೆಯಿಂದ ಯಾರೋ ಬರಬೇಕಾಗಿದ್ದ ಹಾಗೆ, ಎಂದು ಬರೆದ. ಇಲಿಯನ್ನು ಬಿಟ್ಟ, ಹಾವನ್ನು ಬಿಟ್ಟ, ನವಿಲನ್ನು ಬಿಟ್ಟ. ಬಾಗಿಲಿಗೂ ಮಂಟಯ್ಯನಿಗೂ ಒಂದು ನಂಟು ಬೇಕಿತ್ತು. ಏನು ಮಾಡಿದ್ದಾನು ಒಬ್ಬ ರೈತ ತನ್ನ ಬಾಗಿಲಿಗೆ? ಅಷ್ಟು ಹೊತ್ತೂ ಓಡುತ್ತಿದ್ದ ಬೆರಳು ನಿಂತಿತು. ಆಗ ಅಪ್ಪನ ಕೈ ಕಣ್ಣಿಗೆ ಬಂತು. ಹಳೇ ಬಾಗಿಲನ್ನು ಕೀಲಿನಿಂದ ಎತ್ತುವ ಮೊದಲು ಅಪ್ಪ ಅದರ ಮೇಲೆ ಅಂಗೈ ಊರಿ, ತುಟಿಯಲ್ಲೇ ಬಿಸ್ಮಿಲ್ಲಾ ಅಂದು, ಒಂದು ಗಳಿಗೆ ಹಾಗೇ ನಿಲ್ಲುತ್ತಿದ್ದ. ಎತ್ತಿಗೆ ಸಮಾಧಾನ ಹೇಳುವಾಗ ಬೆನ್ನ ಮೇಲೆ ಕೈ ಇಡುವುದಿಲ್ಲವೇ, ಹಾಗೆ. ಟೆಂಪೊದ ಪಕ್ಕ ನಿಂತು ಎಷ್ಟು ಸಲ ಅದನ್ನು ನೋಡಿದ್ದನೋ. ‘ಮಂಟಯ್ಯ ಹೊಲಕ್ಕೆ ಹೊರಡುವ ಮೊದಲು ಬಾಗಿಲ ಮೇಲೆ ಅಂಗೈಯಿಟ್ಟು ಒಂದು ಗಳಿಗೆ ನಿಲ್ಲುತ್ತಿದ್ದ. ಆ ಅಂಗೈಯ ಜಾಗ ನುಣುಪಾಗಿತ್ತು. ಅದನ್ನೂ ಸೇರಿಸಿ ಮಾರಿದೆವು ಅನ್ನುತ್ತಾಳೆ ಮಲ್ಲಾಜಮ್ಮ’ ಎಂದು ಬರೆದ. ಬರೆದು ಓದಿಕೊಂಡ, ಒಂದಕ್ಷರವನ್ನೂ ಅಳಿಸಲಿಲ್ಲ. ಅದರ ಮುಂದಿನ ಪ್ಯಾರಾದಲ್ಲಿ ಹುಣಸೂರಿನ ಯಾರೋ ಒಬ್ಬ ವ್ಯಾಪಾರಿ ಬಂದು, ಬಾಗಿಲನ್ನು ಬೆರಳಿನಿಂದ ತಟ್ಟಿ ನೋಡಿ, ರೇಟು ಹೇಳಿ, ಹೊತ್ತುಕೊಂಡು ಹೋದ. ಅಪ್ಪನಿಗೆ ಕನ್ನಡ ಮಾತು ಬರುತ್ತದೆ, ಓದಲು ಬರುವುದಿಲ್ಲ. ಅದನ್ನು ನೆನೆದು ಸಮಾಧಾನವಾಯಿತು, ಸಮಾಧಾನವಾದದ್ದಕ್ಕೆ ಅಸಹ್ಯವೂ ಆಯಿತು. ಮುದುಕಿ ನಗದೇ ಇದ್ದ ಫೋಟೊ ಒಂದು ಮೊಬೈಲಿನಲ್ಲಿ ಸಿಕ್ಕಿತು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡದ್ದು. ಲೇಖನ, ಫೋಟೊ ಎರಡನ್ನೂ ಸೇರಿಸಿ ಕಳಿಸಿಬಿಟ್ಟ.

ಭಾನುವಾರ ಬಂತು, ಹೆಸರು ದಪ್ಪ ಅಕ್ಷರದಲ್ಲೇ ಬಂತು. ‘ಆಫೀಸಿನಲ್ಲಿ ಎಲ್ಲರೂ ಅತ್ತೆವು. ಮುಂದಿನ ತಿಂಗಳು ಇಂಥದೇ ಇನ್ನೊಂದು ಕೊಡಿ. ಇನ್ನೂ ಏನೇನಿದೆ ನಿಮ್ಮ ಕಡೆ?’ ಎಂದು ಸಂಘಮಿತ್ರ ಬರೆದರು. ದುಡ್ಡೂ ಬಂತು. ತಂಗಿ ಜಿಕ್ರಾ ಅಮ್ಮನಿಗೆ ಓದಿ ಹೇಳಲು ಹೊರಟಾಗ ಮುಸವೀರ ಮೊಬೈಲು ಕಿತ್ತುಕೊಂಡು, ಆಮೇಲೆ ಆಯ್ತು ಎಂದು ಗದರಿದ. ಅಪ್ಪ ಮಾತ್ರ ಏನೂ ಕೇಳದೆ, ಪಕ್ಕದ ಅಂಗಡಿಯವರಿಗೆಲ್ಲ ಬಾದುಷಾ ತರಿಸಿ ಹಂಚಿದ. ಮಗನ ಹೆಸರು ಬಂದಿದೆಯಂತೆ ಎಂದು ಹೇಳಿಕೊಂಡು ಬಂದ. ಮುಸವೀರನ ಕೈಗೂ ಒಂದು ಬಾದುಷಾ ಬಂತು. ಅದನ್ನು ತಿನ್ನಲೂ ಆಗದೆ, ಅಪ್ಪನ ಎದುರು ಇಡಲೂ ಆಗದೆ, ಬಹಳ ಹೊತ್ತು ಹಿಡಿದುಕೊಂಡೇ ಕೂತಿದ್ದ.

ಮಾದೇಶನ ಫೋನು ಬಂದದ್ದು ಎರಡು ದಿನ ಬಿಟ್ಟು, ಅಂಗಡಿಯಲ್ಲಿ ಅಪ್ಪ ಒಂದು ತೊಲೆಯ ಮೊಳೆ ಕೀಳುತ್ತಿದ್ದಾಗ. ಹೆಸರು ನೋಡಿದ ಮುಸವೀರ ಒಂದಷ್ಟು ರಿಂಗಾಗಲು ಬಿಟ್ಟ. ಬೈಯಲಿ, ಬೈಸಿಕೊಂಡುಬಿಡೋಣ, ಬೈಸಿಕೊಂಡರೆ ಮುಗಿಯುತ್ತದೆ ಅಂದುಕೊಂಡು ಎತ್ತಿದ. ಮಾದೇಶ ಬೈಯಲಿಲ್ಲ. ಸೋತ ದನಿಯಲ್ಲಿ ಹೇಳಿದ. ಹೆಂಡತಿ ಸುಧಾ ಮೊಬೈಲಿನಲ್ಲಿ ನೋಡಿ ಅತ್ತೆಗೆ ಓದಿ ಹೇಳಿದಳಂತೆ. ಅವತ್ತಿನಿಂದ ಅವ್ವ ಸರಿಯಾಗಿ ಉಣ್ಣುತ್ತಿಲ್ಲ, ಆ ಕಬ್ಬಿಣದ ಬಾಗಿಲ ಎದುರಿಗೇ ಕೂತವ್ಳೆ. ಹಳೇ ಬಾಗಿಲು ಎಲ್ಲದೆ ಕೇಳು, ಎಷ್ಟಾದ್ರೂ ಆಗ್ಲಿ ತಕ್ಕಬಾ ಅಂತಾವ್ಳೆ. ‘ನೀವೇ ಒಂದ್ ಮಾತು ಹೇಳಿ ಭಾಯ್,’ ಎಂದು ಫೋನನ್ನು ಅವಳ ಕೈಗೆ ಕೊಟ್ಟ. ಅವ್ವ, ನಾನು ಮುಸವೀರ, ಎಂದ.

‘ನಮ್ಮೋರು ಹೊಲಕ್ಕೆ ಹೋಗಾಗ ಬಾಗ್ಲು ಮ್ಯಾಲೆ ಕೈ ಮಡಗಿ ಹೋಗೋರು ಅಂತ ಬರ್ದಿದ್ದೀಯಂತಲ್ಲ ಮಗ.’

‘ಹೂಂ ಅವ್ವ.’

‘ನಂಗೆ ಮರ್ತೇ ಹೋಗಿತ್ತು ಕಣಪ್ಪ. ಅವ್ರ ಮಖವೇ ಸರಿಯಾಗಿ ಗೆಪ್ತಿಗೆ ಬರ್ತಿರಲಿಲ್ಲ. ಈಗ ಆ ಕೈ ಕಾಣ್ತದೆ. ಬೆಳ್ಳು ಬೆಳ್ಳೂ ಕಾಣ್ತದೆ.’ ಆಮೇಲೆ ಕೇಳಿದಳು, ‘ನಾನು ಯಾವಾಗ ಹೇಳ್ದೆ ನಿಂಗೆ?’

ಇದು ಸುಳ್ಳು ಅವ್ವ, ಹೊಟ್ಟೆಪಾಡಿಗೆ ನಾನೇ ಹುಟ್ಟಿಸಿದ್ದು ಎಂದು ಹೇಳಬೇಕು. ಮಾತು ಬಾಯಿಗೂ ಬಂತು. ಹೇಳಿದರೆ ಅವಳು ಎದ್ದು ಉಂಡಾಳು, ನವಿಲು ಒರೆಸಿಯಾಳು. ಆದರೆ ಈಗಷ್ಟೇ ಅವಳ ಬಾಗಿಲಿಗೆ ಬಂದು ನಿಂತ ಗಂಡನನ್ನು, ಬೆರಳು ಬೆರಳೂ ಕಾಣುವಂತೆ ನಿಂತವನನ್ನು, ಹೋಗು ಅಂತ ಅಟ್ಟಬೇಕು. ಅದು ತನ್ನಿಂದ ಆಗುತ್ತದೆಯೇ? ಅಥವಾ ಇದೂ ತನ್ನ ಮರ್ಯಾದೆ ಉಳಿಸಿಕೊಳ್ಳಲು ಹೂಡುವ ಇನ್ನೊಂದು ನೆಪವೇ? ಅವನಿಗೆ ತಿಳಿಯಲಿಲ್ಲ. ಈ ಜನ್ಮದಲ್ಲಿ ತಿಳಿಯುವುದೂ ಇಲ್ಲ ಅನ್ನಿಸಿ ಅಳು ಬಂತು.

‘ಅವತ್ತೇ ಹೇಳಿದ್ರಲ್ಲ ಅವ್ವ,’ ಎಂದ. ‘ಟೀ ಕುಡೀವಾಗ.’

‘ಹೇಳಿರಬೇಕು ಬುಡು. ಮುದುಕಿ, ನಂಗೆಲ್ಲಿ ಗ್ಯಾನ.’ ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡಿರಬೇಕು, ದನಿ ಹತ್ತಿರವಾಯಿತು. ‘ಇನ್ನೂ ಏನೇನ್ ಹೇಳಿದ್ದೆ ಮಗ, ಅವ್ರ ಇಚಾರ? ಹೇಳು, ಕೇಳ್ತೀನಿ.’

ಮುಸವೀರ ಮರದ ರಾಶಿಯ ಮೇಲೆ ಕೂತ. ಎದುರಿಗೆ ಅಪ್ಪ ಮೊಳೆ ಕಿತ್ತ ತೊಲೆಯ ಮೇಲೆ ಕೈಯಾಡಿಸುತ್ತಿದ್ದ. ಆ ಕೈಯನ್ನು ನೋಡುತ್ತ, ಮುಸವೀರ ಹೇಳಲು ಶುರುಮಾಡಿದ.